ಕ್ಲಮಿಡಿಯಾ ಪತ್ತೆಗೆ ಆಂಟಿಬಾಡಿ: ಹಸಿರಾಗಿ ಹೊಳೆದದ್ದೆಲ್ಲ ಬ್ಯಾಕ್ಟೀರಿಯಾ ಅಲ್ಲ

ಸೂಕ್ಷ್ಮದರ್ಶಕದಲ್ಲಿ ನಾಲ್ಕು ಹಸಿರು ಚುಕ್ಕೆ ಕಂಡ ಕೂಡಲೇ ‘ಸೋಂಕು ಇದೆ’ ಎಂದು ನೋಟ್‌ಬುಕ್ಕಿನಲ್ಲಿ ಬರೆದುಬಿಡುವ ಸಂಶೋಧನಾ ವಿದ್ಯಾರ್ಥಿಗಳನ್ನು ಬಹಳ ನೋಡಿದ್ದೇನೆ. ತಪ್ಪು ಅವರ ಕಣ್ಣಿನದಲ್ಲ, ಅದಕ್ಕೂ ಮುಂಚಿನ ತಯಾರಿಯದು. ಕ್ಲಮಿಡಿಯಾ ಕೋಶದೊಳಗೆ ಬೆಳೆಯುವ ಬ್ಯಾಕ್ಟೀರಿಯಾ. ಅದಕ್ಕೆ ಅಂಟುವ ಮೊದಲ ಆಂಟಿಬಾಡಿ ಹಾಕಿ, ಆಮೇಲೆ ಆ ಆಂಟಿಬಾಡಿಗೇ ಅಂಟುವ, ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಎರಡನೆಯದನ್ನು ಹಾಕಿ ಪತ್ತೆ ಮಾಡುತ್ತೇವೆ.

ಹಂತ 1: ಆಂಟಿಬಾಡಿ ಆರಿಸಿ. ಬಾಟಲಿಯ ಮೇಲೆ ‘ಕ್ಲಮಿಡಿಯಾ’ ಎಂದಿದ್ದರೆ ಸಾಲದು, ಅದು ಯಾವ ಆಂಟಿಜೆನ್‌ಗೆ, ಅಂದರೆ ಬ್ಯಾಕ್ಟೀರಿಯಾದ ಯಾವ ಅಣುವಿಗೆ, ಅಂಟುತ್ತದೆ ಎಂದು ನೋಡಿ. ಹೊರಪೊರೆಯ ಕೊಬ್ಬು-ಸಕ್ಕರೆ ಅಣುವಾದ ಎಲ್‌ಪಿಎಸ್‌ಗೆ ಅಂಟುವಂಥದ್ದು ಸಾಮಾನ್ಯವಾಗಿ ಇಡೀ ಕುಲವನ್ನೇ ಗುರುತಿಸುತ್ತದೆ. ಅದರಲ್ಲಿನ ಟ್ರಕೋಮಾಟಿಸ್ ಪ್ರಭೇದವೋ ನ್ಯುಮೋನಿಯೇ ಪ್ರಭೇದವೋ ಎಂದು ಹೇಳುವುದಿಲ್ಲ. ಪ್ರಭೇದ ತಿಳಿಯಬೇಕಿದ್ದರೆ ಹೊರಪೊರೆಯ ಮುಖ್ಯ ಪ್ರೋಟೀನಾದ ‘ಮಾಂಪ್’ಗೆ ಅಂಟುವ ಮಾನೊಕ್ಲೋನಲ್ (ಒಂದೇ ಗುರಿಗೆ ಅಂಟುವ ಒಂದೇ ಬಗೆಯ ಆಂಟಿಬಾಡಿ) ತೆಗೆದುಕೊಳ್ಳಿ. ಎಚ್‌ಎಸ್‌ಪಿ60 ಎಂಬ ಪ್ರೋಟೀನಿಗೆ ಅಂಟುವ ಆಂಟಿಬಾಡಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದೇ ಬಳಗದ ಪ್ರೋಟೀನು ಬೇರೆ ಬ್ಯಾಕ್ಟೀರಿಯಾಗಳಲ್ಲೂ ನಮ್ಮ ಮೈಟೊಕಾಂಡ್ರಿಯಾದಲ್ಲೂ ಇದೆ.

ಹಂತ 2: ಕವರ್‌ಸ್ಲಿಪ್ (ತೆಳು ಗಾಜಿನ ಚೂರು) ಮೇಲೆ ಬೆಳೆಸಿದ, ಪ್ರಯೋಗಾಲಯದ ಮೆಕಾಯ್ ಅಥವಾ ಹೀಲಾ ಕೋಶಗಳಿಗೆ ಸೋಂಕು ತಗುಲಿಸಿ, 24ರಿಂದ 48 ಗಂಟೆ ಬಿಟ್ಟು, ತಣ್ಣನೆಯ ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ, ಅಂದರೆ ಇದ್ದ ಸ್ಥಿತಿಯಲ್ಲೇ ಗಟ್ಟಿಗೊಳಿಸಿ. ಸೋಂಕಿಲ್ಲದ ಕೋಶಗಳಿಗೂ ಇದೇ ಉಪಚಾರ ಆಗಲಿ.

ಹಂತ 3: ಆಂಟಿಬಾಡಿ ಸಿಕ್ಕಸಿಕ್ಕಲ್ಲಿ ಅಂಟದಂತೆ, ಶೇ 1ರ ಬಿಎಸ್‌ಎಯಲ್ಲಿ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಅರ್ಧ ಗಂಟೆ ಬ್ಲಾಕ್ ಮಾಡಿ.

ಹಂತ 4: ಆಂಟಿಬಾಡಿ ತೆಳುಮಾಡಿ ಹಾಕಿ. ಎಲ್ಲ ಕೆಡುವುದು ಇಲ್ಲಿಯೇ. ಕಂಪನಿಯ ಹಾಳೆಯಲ್ಲಿ 1:100 ಎಂದಿದೆಯೆಂದು ಹಾಗೇ ಸುರಿಯುತ್ತಾರೆ. ಆ ಅಂಕಿ ಅವರ ಕೋಶಕ್ಕೆ, ಅವರ ಫಿಕ್ಸಿಂಗ್‌ಗೆ ಸರಿಹೊಂದಿದ್ದು. ನಿಮ್ಮದನ್ನು ನೀವೇ ಕಂಡುಕೊಳ್ಳಿ. ಸೋಂಕಿತ ಕವರ್‌ಸ್ಲಿಪ್‌ಗಳದ್ದು ಒಂದು ಸಾಲು, ಸೋಂಕಿಲ್ಲದವುಗಳದ್ದು ಅದರ ಕೆಳಗೆ ಇನ್ನೊಂದು ಸಾಲು. ಎರಡಕ್ಕೂ 1:50, 1:100, 1:200, 1:400, 1:800 ಹೀಗೆ ದುಪ್ಪಟ್ಟು ತೆಳುಮಾಡುತ್ತ ಹೋಗಿ. ಪ್ರತಿ ಸಾಲಿನ ಕೊನೆಯ ಕವರ್‌ಸ್ಲಿಪ್‌ಗೆ ಮೊದಲ ಆಂಟಿಬಾಡಿ ಬೇಡ, ಎರಡನೆಯದಷ್ಟೇ ಸಾಕು. ಅದು ಹೊಳೆದರೆ ತೊಂದರೆ ಎರಡನೆಯ ಆಂಟಿಬಾಡಿಯಲ್ಲೋ ಬ್ಲಾಕಿಂಗ್‌ನಲ್ಲೋ ಇದೆ.

ಗಾಢ ದ್ರಾವಣದಲ್ಲಿ ಸೋಂಕಿಲ್ಲದ ಕೋಶವೂ ಮಂಜಿನಂತೆ ಹಸಿರಾಡುವುದುಂಟು. ಅತಿ ಹೆಚ್ಚು ಹೊಳೆಯುವುದನ್ನು ಆರಿಸಬೇಡಿ. ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಅಂತರ ಅತಿ ಹೆಚ್ಚಿರುವ ಪ್ರಮಾಣವನ್ನು ಆರಿಸಿ. ಆಂಟಿಬಾಡಿಯ ಹೊಸ ಲಾಟ್ (ತಯಾರಿಕೆಯ ಕಂತು) ಬಂದಾಗಲೆಲ್ಲ ಇದನ್ನು ಮತ್ತೆ ಮಾಡಿ. ಈ ಪರೀಕ್ಷೆ ಬಿಟ್ಟು ಉಳಿಸಿದ ಒಂದು ದಿನ, ಮುಂದೆ ತಿಂಗಳುಗಟ್ಟಲೆ ಫಲಿತಾಂಶವನ್ನು ನುಂಗುತ್ತದೆ.

ಮೊದಲ ಆಂಟಿಬಾಡಿ ಇಲಿಯದಾದರೆ ಎರಡನೆಯದು ಇಲಿ-ವಿರೋಧಿಯೇ, ಅಂದರೆ ಇಲಿಯ ಆಂಟಿಬಾಡಿಗೆ ಅಂಟುವಂಥದ್ದೇ, ಆಗಿರಬೇಕು. ಕವರ್‌ಸ್ಲಿಪ್ ಒಂದು ಕ್ಷಣವೂ ಒಣಗಕೂಡದು, ಒಣಗಿದ ಅಂಚು ಸುಳ್ಳು ಹೊಳಪು ಕೊಡುತ್ತದೆ. ತೊಳೆಯುವುದನ್ನು ಮೂರರಿಂದ ಒಂದಕ್ಕೆ ಇಳಿಸುವ ಅಡ್ಡದಾರಿಯೂ ಬೇಡ.

ಹಂತ 5: ನೋಡುವಾಗ ಆಕಾರವನ್ನು ನಂಬಿ. ನಿಜವಾದ ಇನ್‌ಕ್ಲೂಷನ್ (ಕ್ಲಮಿಡಿಯಾ ಬೆಳೆಯುವ ಚೀಲ) ಕೋಶದ್ರವ್ಯದೊಳಗೆ, ಹೆಚ್ಚಾಗಿ ಕೋಶಕೇಂದ್ರದ ಮಗ್ಗುಲಲ್ಲಿ ದುಂಡಗೆ ಕೂತಿರುತ್ತದೆ. ಅದೇ ಜಾಗದಲ್ಲಿ ಡಿಎನ್‌ಎಗೆ ಅಂಟುವ ಬಣ್ಣವಾದ ಡ್ಯಾಪಿಯ ನೀಲಿಯೂ ಕಾಣಬೇಕು, ಬ್ಯಾಕ್ಟೀರಿಯಾಕ್ಕೂ ಡಿಎನ್‌ಎ ಇದೆಯಲ್ಲ. ಕೋಶದ ಹೊರಗೆ ದ್ರಾಕ್ಷಿಗೊಂಚಲಿನಂತೆ ಹೊಳೆಯುವ ಗುಂಡುಗಳು ಸ್ಟೆಫಿಲೊಕಾಕಸ್ ಇರಬಹುದು: ಅದರ ಪ್ರೋಟೀನ್ ಎ ಆಂಟಿಬಾಡಿಯ ಬಾಲವನ್ನೇ ಹಿಡಿದುಕೊಳ್ಳುತ್ತದೆ.

ಹಂತ 6: ಫೋಟೊ ತೆಗೆಯುವಾಗ ಆಟೊ ಎಕ್ಸ್‌ಪೋಷರ್ ಆಫ್ ಮಾಡಿಡಿ. ಸೋಂಕಿತ ಕೋಶಕ್ಕೆ ಇಟ್ಟಷ್ಟೇ ಸಮಯವನ್ನು ಸೋಂಕಿಲ್ಲದ್ದಕ್ಕೂ ಇಟ್ಟು ತೆಗೆಯಿರಿ, ಎರಡೂ ಚಿತ್ರಗಳನ್ನು ಒಟ್ಟಿಗೇ ಉಳಿಸಿಡಿ.