ನೀರು ತುಂಬುವ ಹಬ್ಬಕ್ಕೆ ಗೀಸರ್ ಬಿಚ್ಚುತ್ತೇನೆ: ನನ್ನ ಅನುಭವ

ಗಂಗಾವತಿ ಸುತ್ತಮುತ್ತ ಗೀಸರ್ ಕೆಟ್ಟರೆ ಜನ ಮೊದಲು ಕಂಪನಿಯನ್ನು ಬೈಯುತ್ತಾರೆ, ಆಮೇಲೆ ಕರೆಂಟನ್ನು. ನೀರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮ ಮನೆಯದು, ಅಕ್ಕಪಕ್ಕದವರದು, ನೆಂಟರದು ಅಂತ ಹಲವು ಗೀಸರ್ ಬಿಚ್ಚಿದ್ದೇನೆ. ಹೆಚ್ಚಿನವುಗಳಲ್ಲಿ ಕಂಡದ್ದು ಒಂದೇ. ನೀರು ಕಾಸುವ ಕಾಯಿಲ್ ಮೇಲೆ ಬಿಳಿ ಗಟ್ಟಿ ಪದರ, ತಳದಲ್ಲಿ ಹಿಡಿಗಟ್ಟಲೆ ಸುಣ್ಣದ ಚೂರು.

ಬಿಚ್ಚುವ ಧೈರ್ಯ ಬಂದದ್ದು ರೈಸ್ ಮಿಲ್ಲಿನ ಕೆಲಸದಿಂದ. ಸ್ಟೀಮ್ ಅಕ್ಕಿ ಮಾಡುವ ಮಿಲ್ಲಿನಲ್ಲಿ ಭತ್ತದ ಹೊಟ್ಟು ಉರಿಸುವ ಬಾಯ್ಲರ್ ಇರುತ್ತದೆ. ಅಲ್ಲಿ ಬೋರ್ ನೀರನ್ನು ಹಾಗೇ ಒಳಗೆ ಬಿಡುವುದಿಲ್ಲ. ಮೊದಲು ಸಾಫ್ಟನರ್‌ನಲ್ಲಿ ಹಾಯಿಸಿ ಗಡಸುತನ ತೆಗೆಯುತ್ತಾರೆ. ಆ ಮೇಲೂ ತಳದ ವಾಲ್ವ್ ತೆರೆದು ಕೆಸರು ನೀರನ್ನು ಆಗಾಗ ಹೊರಗೆ ಬಿಡುತ್ತಾರೆ, ಅದಕ್ಕೆ ಬ್ಲೋಡೌನ್ ಅಂತಾರೆ. ವರ್ಷಕ್ಕೊಮ್ಮೆ ಆರಿಸಿ, ತಣ್ಣಗೆ ಮಾಡಿ, ಇನ್‌ಸ್ಪೆಕ್ಟರ್ ತಪಾಸಣೆಗೆ ತೆರೆದಿಡಬೇಕು. ಅದೇ ಬೋರ್ ನೀರು ಮನೆಯ ಗೀಸರ್‌ಗೂ ಹೋಗುತ್ತದೆ ಅಲ್ವಾ? ಆದರೆ ಗೋಡೆಗೆ ಹಾಕಿದ ದಿನದಿಂದ ಸೋರುವ ದಿನದವರೆಗೆ ಅದರ ಹೊಟ್ಟೆಯನ್ನು ಯಾರೂ ನೋಡುವುದಿಲ್ಲ.

ಒಳಗೆ ಆಗುವುದು ಇಷ್ಟು. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಕಾಸಿದಾಗ ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಬೇರ್ಪಟ್ಟು ಅತಿ ಬಿಸಿ ಇರುವ ಜಾಗಕ್ಕೆ, ಅಂದರೆ ಕಾಯಿಲ್‌ಗೆ, ಅಂಟುತ್ತದೆ. 60 ಡಿಗ್ರಿ ದಾಟಿದರೆ ಇದು ಇನ್ನೂ ಜಾಸ್ತಿ. ಪದರ ದಪ್ಪವಾದ ಹಾಗೆ ಕಾಯಿಲ್‌ನ ಬಿಸಿ ನೀರಿಗೆ ಇಳಿಯುವುದಿಲ್ಲ. ಕಾಯಿಲ್ ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ. ಕೊನೆಗೆ ಹೊರಕವಚ ಬಿರಿದು ನೀರು ಒಳಗೆ ನುಗ್ಗುತ್ತದೆ. ಆಗ ಎಂಸಿಬಿ (ತೊಂದರೆಯಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಬೀಳುತ್ತದೆ, ಇಲ್ಲವೇ ನೀರಿನಲ್ಲಿ ಶಾಕ್ ಹೊಡೆಯುತ್ತದೆ.

ಗೀಸರ್ ಇದನ್ನು ಮೊದಲೇ ಹೇಳುತ್ತದೆ. ಕಾಯುವಾಗ ಚಟಪಟ ಸದ್ದು ಬರುತ್ತದೆ. ಮೊದಲಿಗಿಂತ ತಡವಾಗಿ ಬಿಸಿಯಾಗುತ್ತದೆ. 15 ಲೀಟರಿನ, 2 ಕಿಲೋವಾಟ್ ಗೀಸರ್ 25 ಡಿಗ್ರಿ ನೀರನ್ನು 60 ಡಿಗ್ರಿಗೆ ತರಲು ಸುಮಾರು 18ರಿಂದ 20 ನಿಮಿಷ ಸಾಕು. ಅರ್ಧ ಗಂಟೆ ದಾಟಿದರೆ ಏನೋ ಆಗಿದೆ ಅಂತ ತಿಳಿಯಿರಿ.

ವೋಲ್ಟೇಜ್ ಕಡಿಮೆ ಇದ್ದರೂ ತಡವಾಗುತ್ತದೆ. 230 ಇರಬೇಕಾದ ಕಡೆ 180 ಬಂದರೆ 2 ಕಿಲೋವಾಟಿನ ಕಾಯಿಲ್ ಸುಮಾರು 1.2 ಕಿಲೋವಾಟ್ ಕೆಲಸ ಮಾಡುತ್ತದೆ ಅಷ್ಟೇ. ಲೋ ವೋಲ್ಟೇಜಿನಿಂದ ಕಾಯಿಲ್ ಸುಟ್ಟಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೋಟಾರ್ ಸುಡುತ್ತದೆ, ಕಾಯಿಲ್ ಸುಡುವುದಿಲ್ಲ.

ನಾನು ಮಾಡಿದ ಮೊದಲ ಕೆಲಸ ಗೀಸರ್ ಮುಟ್ಟದೇ ಮಾಡುವಂಥದ್ದು. ನಮ್ಮ ಕಡೆ ಸುಮಾರು ಮನೆಗಳಲ್ಲಿ ನಳದಲ್ಲಿ ಬರುವ ಹೊಳೆ ನೀರಿಗೆ ಒಂದು ಟ್ಯಾಂಕ್, ಬೋರ್ ನೀರಿಗೆ ಇನ್ನೊಂದು. ಪ್ಲಂಬರ್ ಹತ್ತಿರದ ಪೈಪ್ ನೋಡಿ ಗೀಸರ್‌ಗೆ ಬೋರ್ ಲೈನ್ ಕೊಟ್ಟಿರುತ್ತಾನೆ. ನಾನು ಅದನ್ನು ಹೊಳೆ ನೀರಿನ ಟ್ಯಾಂಕಿಗೆ ಬದಲಾಯಿಸಿದೆ. ಸ್ವಲ್ಪ ಪೈಪ್, ಒಂದೆರಡು ಎಲ್ಬೋ, ಅಷ್ಟೇ ಖರ್ಚು. ಬೇರೆ ಯಾವುದರಿಂದಲೂ ಇಷ್ಟು ಉಪಯೋಗ ಆಗಲಿಲ್ಲ. ಬರೀ ಬೋರ್ ನೀರೇ ಗತಿ ಅನ್ನುವವರು ಗಡಸುತನ ಅಳೆಯುವ ಹನಿ ಕಿಟ್ ತಂದು ನೋಡಿ. ಟಿಡಿಎಸ್ ಮೀಟರ್ ಸಾಲದು, ಅದು ಎಲ್ಲ ಲವಣವನ್ನೂ ಒಟ್ಟಿಗೆ ತೋರಿಸುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನಿಮ್ಮದು 600ರ ಹತ್ತಿರ ಇದ್ದರೆ ವರ್ಷಕ್ಕೆ ಎರಡು ಸಲ ಬಿಚ್ಚುವುದು ಒಳ್ಳೆಯದು.

ನಾನು ಬಿಚ್ಚುವುದು ದೀಪಾವಳಿಗೆ ಮುಂಚೆ. ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ತಿಕ್ಕಿ, ಬಚ್ಚಲು ತೊಳೆಯುತ್ತೇವೆ. ಅಮ್ಮ ಹುಣಸೆಹಣ್ಣು ಹಾಕಿ ತಾಮ್ರದ ಹಂಡೆ ಉಜ್ಜುತ್ತಿದ್ದಳು, ಹುಳಿಗೆ ಸುಣ್ಣ ಬಿಡುತ್ತದೆ. ಗೀಸರ್‌ಗೂ ಹುಳಿಯೇ ಮದ್ದು. ಆದರೆ ವಾರಂಟಿ ಇದ್ದರೆ ನೀವು ಕೈ ಹಾಕಬೇಡಿ, ಕಂಪನಿಯ ಮೆಕ್ಯಾನಿಕ್‌ನಿಂದಲೇ ಮಾಡಿಸಿ. ತಂತಿ ಕೆಲಸ ಗೊತ್ತಿಲ್ಲದವರು ಎಲೆಕ್ಟ್ರಿಷಿಯನ್ ಕರೆಸಿ ಪಕ್ಕದಲ್ಲಿ ನಿಂತು ನೋಡಿ.

ಮೊದಲು ಎಂಸಿಬಿಯನ್ನೇ ಇಳಿಸುತ್ತೇನೆ. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ರಾತ್ರಿಯೆಲ್ಲ ತಣಿಯಲು ಬಿಡುತ್ತೇನೆ. ಬೆಳಿಗ್ಗೆ ಟೆಸ್ಟರ್ ಇಟ್ಟು ನೋಡಿ, ಒಳಹರಿವಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಡುತ್ತೇನೆ. ಅಲ್ಲಿಂದ ಗಾಳಿ ಒಳಗೆ ಹೋದರೇನೇ ನೀರು ಇಳಿಯುವುದು. ತಣ್ಣೀರು ಬರುವ ಪೈಪ್ ಬಿಚ್ಚಿದರೆ ಗೀಸರಿನ ಟ್ಯಾಂಕ್ ಬರಿದಾಗುತ್ತದೆ. ತಂತಿ ತೆಗೆಯುವ ಮುಂಚೆ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ತಳದ ಪ್ಲೇಟಿನ ಬೋಲ್ಟ್ ಬಿಚ್ಚಿದರೆ ಕಾಯಿಲ್, ಥರ್ಮೋಸ್ಟ್ಯಾಟಿನ ಕೊಳವೆ, ಆನೋಡ್ ರಾಡ್ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಕಾಯುವ ಕಡ್ಡಿ) ಒಟ್ಟಿಗೆ ಹೊರಗೆ ಬರುತ್ತವೆ. ಬಹಳ ಮಾದರಿಗಳಲ್ಲಿ ಹೀಗೇ.

ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂನಂತೆ ಕರಗಿಸಿ, ಕಾಯಿಲ್ ಮುಳುಗಿಸಿ ಎರಡು ಮೂರು ಗಂಟೆ ಇಡುತ್ತೇನೆ. ತಂತಿ ಸಿಗಿಸುವ ತುದಿ ಮಾತ್ರ ನೀರಿನಿಂದ ಮೇಲೆ ಇರಬೇಕು. ಬುಸುಬುಸು ನೊರೆ ಬಂದು ಸುಣ್ಣ ಬಿಡುತ್ತದೆ. ಪಾಯಖಾನೆ ತೊಳೆಯುವ ಆಸಿಡ್ ದಯವಿಟ್ಟು ಬೇಡ, ಅದು ಸುಣ್ಣದ ಜೊತೆ ಲೋಹವನ್ನೂ ತಿನ್ನುತ್ತದೆ. ಚಾಕು, ಸುತ್ತಿಗೆಯೂ ಬೇಡ. ಟ್ಯಾಂಕಿನ ಒಳಗೆ ಗಾಜಿನ ಲೇಪ ಇರಬಹುದು. ಅದು ಗೀರಿದರೆ ತುಕ್ಕು ಶುರುವಾಗುತ್ತದೆ. ತಳದ ಚೂರನ್ನು ಕೈಯಿಂದ ತೆಗೆದು ನೀರು ಬಿಟ್ಟು ತೊಳೆದರೆ ಸಾಕು.

ಆನೋಡ್ ರಾಡ್ ಬಗ್ಗೆ ಅಂಗಡಿಯವರು ಹೇಳುವುದೇ ಇಲ್ಲ, ನನಗೆ ಇದು ಬಹಳ ಬೇಸರದ ವಿಷಯ. ಅದು ಮೆಗ್ನೀಸಿಯಂ ಕಡ್ಡಿ. ಟ್ಯಾಂಕಿನ ಉಕ್ಕು ಸವೆಯುವ ಬದಲು ತಾನು ಸವೆಯುತ್ತದೆ. ಅದು ಮುಗಿದ ಮೇಲೆ ಟ್ಯಾಂಕಿನ ಸರದಿ. ಕಡ್ಡಿ ತೆಳುವಾಗಿ ಒಳಗಿನ ಕಬ್ಬಿಣದ ತಂತಿ ಕಂಡರೆ ಬದಲಾಯಿಸಿ. ಟ್ಯಾಂಕ್ ತೂತು ಬಿದ್ದರೆ ಇಡೀ ಗೀಸರ್ ಗುಜರಿಗೆ ಹೋಗುತ್ತದೆ. ಕಡ್ಡಿಯ ಬೆಲೆ ಅದರ ಮುಂದೆ ಏನೂ ಅಲ್ಲ.

ಕಾಯಿಲ್ ಒಣಗಿದ ಮೇಲೆ ಮಲ್ಟಿಮೀಟರ್ ಹಿಡಿಯುತ್ತೇನೆ. 2 ಕಿಲೋವಾಟಿನದು ಸುಮಾರು 26 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ತಂತಿ ತುದಿಗೂ ಹೊರಕವಚಕ್ಕೂ ಸಂಪರ್ಕ ತೋರಿಸಿದರೆ ಬಿರಿದಿದೆ. ಅಂಥ ಕಾಯಿಲ್ ಮತ್ತೆ ಹಾಕಬಾರದು. ಪ್ಲೇಟಿನ ಸಂದಿ ಸೋರದಂತೆ ತಡೆಯುವ ಹಳೇ ಗ್ಯಾಸ್ಕೆಟ್ ಕೂಡ ಮತ್ತೆ ಹಾಕುವುದಿಲ್ಲ. ಜೋಡಿಸಿದ ಮೇಲೆ ಬಿಸಿನೀರಿನ ನಲ್ಲಿಯಲ್ಲಿ ಗಾಳಿ ನಿಂತು ನೀರು ಸತತವಾಗಿ ಬರುವವರೆಗೆ ಕಾಯುತ್ತೇನೆ. ಎಲ್ಲೂ ಸೋರುತ್ತಿಲ್ಲ ಅಂತ ನೋಡಿ ಆಮೇಲೆ ಕರೆಂಟ್. ಬರಿದಾದ ಟ್ಯಾಂಕಿನಲ್ಲಿ ಕಾಯಿಲ್ ಹಚ್ಚಿದರೆ ಅದು ಉಳಿಯುವುದಿಲ್ಲ.

ಸೇಫ್ಟಿ ವಾಲ್ವ್ ಹನಿಯುತ್ತದೆ ಅಂತ ಪ್ಲಗ್ ಹಾಕಿ ಮುಚ್ಚಿದ್ದನ್ನು ಕಂಡಿದ್ದೇನೆ. ನೋಡಿದರೆ ಎದೆ ಝಲ್ ಅನ್ನುತ್ತದೆ. 15 ಲೀಟರ್ ನೀರು 60 ಡಿಗ್ರಿಗೆ ಕಾದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ. ಆ ನೀರು ಹೋಗಲು ದಾರಿ ಬೇಕು. ಕಾಯುವಾಗ ಹನಿದರೆ ಸಹಜ. ಕಾಯದಿದ್ದಾಗಲೂ ಸುರಿಯುತ್ತಿದ್ದರೆ ವಾಲ್ವ್ ಬದಲಾಯಿಸಿ. ಓವರ್‌ಹೆಡ್ ಟ್ಯಾಂಕ್ ಖಾಲಿಯಾದಾಗ ಗೀಸರಿನ ನೀರು ವಾಪಸ್ ಇಳಿಯದಂತೆ ತಡೆಯುವುದೂ ಅದೇ ವಾಲ್ವ್.

ಥರ್ಮೋಸ್ಟ್ಯಾಟ್ ಅನ್ನು 55ರಿಂದ 60ರ ನಡುವೆ ಇಟ್ಟಿದ್ದೇನೆ. 2 ಕಿಲೋವಾಟ್ ಅಂದರೆ ಸುಮಾರು 9 ಆಂಪಿಯರ್, ಆದ್ದರಿಂದ 16 ಆಂಪಿಯರ್ ಸಾಕೆಟ್ಟೇ ಬೇಕು. ಪ್ಲಗ್ ಬಿಸಿಯಾದರೆ ಅಥವಾ ಕಂದಿದರೆ ಅಂದೇ ಸರಿಮಾಡಿಸಿ. ಅರ್ಥಿಂಗ್ ಜೊತೆ, ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದ ಬಚ್ಚಲಿನಲ್ಲಿ ಗೀಸರ್ ಹಾಕಿಸಬೇಡಿ. ಇದರಲ್ಲಿ ಉಳಿತಾಯ ನೋಡಬಾರದು, ಜೀವದ ಪ್ರಶ್ನೆ.

ಬೇಸಿಗೆಯಲ್ಲಿ ನಮ್ಮ ಕಡೆ ಟ್ಯಾಂಕಿನ ನೀರೇ ಸುಡುತ್ತದೆ. ತಿಂಗಳುಗಟ್ಟಲೆ ಗೀಸರ್ ಬೇಡವಾದರೆ ಎಂಸಿಬಿ ಇಳಿಸಿ ನೀರು ಖಾಲಿ ಮಾಡಿಡುತ್ತೇನೆ. ಮತ್ತೆ ತುಂಬಿ ಹಚ್ಚುವವರೆಗೆ ಮನೆಯವರು ಮರೆತು ಒತ್ತದಂತೆ ಸ್ವಿಚ್ ಮೇಲೆ ಟೇಪ್ ಅಂಟಿಸಿರುತ್ತೇನೆ.

ಹೊಸದು ಕೊಳ್ಳುವವರು ಅಂಗಡಿಯಲ್ಲಿ ಮೂರು ವಿಷಯ ಕೇಳಿ. ತಳದ ಪ್ಲೇಟ್ ಬಿಚ್ಚಲು ಬರುತ್ತದಾ? ಆನೋಡ್ ರಾಡ್, ಗ್ಯಾಸ್ಕೆಟ್ ಇಲ್ಲೇ ಗಂಗಾವತಿಯಲ್ಲೋ ಕೊಪ್ಪಳದಲ್ಲೋ ಸಿಗುತ್ತದಾ? ಗಡಸು ನೀರಿಗೆ ವಾರಂಟಿ ಅನ್ವಯಿಸುತ್ತದಾ? ಕೊನೆಯದಕ್ಕೆ ಬಾಯಿಮಾತಿನ ಉತ್ತರ ಸಾಲದು, ವಾರಂಟಿ ಕಾರ್ಡಿನಲ್ಲಿ ಬರೆದದ್ದನ್ನು ಅಲ್ಲೇ ಓದಿ ದುಡ್ಡು ಕೊಡಿ.