ಮೊದಲು ಬಾಗಿಲು, ಆಮೇಲೆ ಗೋಡೆ

ಕೆಡವಿದ ಹಳೆ ಮನೆಗಳ ಬಾಗಿಲು, ಕಿಟಕಿ, ತೊಲೆ, ಹೆಂಚು ಕೊಂಡು ಮನೆ ಕಟ್ಟುವ ಆಸೆ ಇದ್ದವರಿಗೆ ನಾನು ಹೇಳುವುದು ಒಂದೇ ಮಾತು. ಮೊದಲು ಸಾಮಾನು ತಂದು ಅಂಗಳದಲ್ಲಿ ಇಟ್ಟುಕೊಳ್ಳಿ, ಆಮೇಲೆ ಪ್ಲಾನ್ ಬರೆಸಿ. ಗೋಡೆಯಲ್ಲಿ ಜಾಗ ಬಿಟ್ಟು, ಅದೇ ಅಳತೆಯ ಹಳೆ ಬಾಗಿಲು ಹುಡುಕಲು ಹೊರಟರೆ ಅದು ಸಿಗುವುದಿಲ್ಲ. ಸಿಕ್ಕಿದ್ದನ್ನು ಕೊಯ್ದು, ತುಂಡು ಸೇರಿಸಿ ಕೂರಿಸಬೇಕು. ಆಚಾರಿ ಕೂಲಿ ಲೆಕ್ಕ ಹಾಕಿದರೆ ಹೊಸ ಬಾಗಿಲೇ ಅಗ್ಗ ಅನಿಸುತ್ತದೆ.

ಮಡಿಕೇರಿ ಪಕ್ಕದ ನಮ್ಮ ತೋಟದ ಮನೆಗೆ ಒಂದು ಕೋಣೆ, ಅದರ ಮುಂದೆ ಉದ್ದ ಜಗಲಿ ಸೇರಿಸಿದೆವು. ಬಾಗಿಲು, ಕಿಟಕಿ, ಹೆಂಚು ಎಲ್ಲ ಬಂದ ಮೇಲೆಯೇ ಮೇಸ್ತ್ರಿ ದಾರ ಹಿಡಿದಿದ್ದು. ಕಿಟಕಿ ಎತ್ತರ ಜಾಸ್ತಿ ಇತ್ತು, ಅದಕ್ಕೆ ಗೋಡೆಯನ್ನೇ ಎತ್ತರಿಸಿದೆವು. ಕೋಣೆಗೆ ಗಾಳಿಯೂ ಬಂತು.

ಕೊಡಗಿನಲ್ಲಿ ಇದಕ್ಕೆ ದೊಡ್ಡ ಸಂತೆ ಏನಿಲ್ಲ. ಬಾಯಿಮಾತೇ ಮಾರುಕಟ್ಟೆ. ಯಾರದೋ ಹೆಂಚಿನ ಮನೆ ಕಿತ್ತು ಆರ್‌ಸಿಸಿ ಹಾಕುತ್ತಾರಂತೆ ಅನ್ನುವ ಸುದ್ದಿ ಮೊದಲು ತಿಳಿಯುವುದು ಗಾರೆ ಕೆಲಸದವರಿಗೆ, ಪಿಕಪ್ ಡ್ರೈವರ್‌ಗಳಿಗೆ. ಅವರಿಗೆ ಹೇಳಿಟ್ಟಿರಿ. ಮೈಸೂರಿನ ಕಡೆ ಹಳೆ ಸಾಮಾನಿನ ಯಾರ್ಡುಗಳಿವೆ. ತಮಿಳುನಾಡಿನ ಕಾರೈಕುಡಿಯಲ್ಲಂತೂ ಚೆಟ್ಟಿನಾಡ್ ಮನೆಗಳ ಕಂಬ, ಬಾಗಿಲು ಮಾರುವ ಬೀದಿಯೇ ಇದೆ. ಆದರೆ ಬಯಲುಸೀಮೆಯಲ್ಲಿ ಒಣಗಿದ ಮರ ನಮ್ಮ ಜುಲೈ ತಿಂಗಳ ಥಂಡಿಗೆ ಉಬ್ಬುತ್ತದೆ. ಅಂಥ ಬಾಗಿಲು ತಂದರೆ ಒಂದು ಮಳೆಗಾಲ ಸೂರಿನ ಕೆಳಗೆ ಒರಗಿಸಿಟ್ಟು ಆಮೇಲೆ ಕೂರಿಸಿ. ಇಲ್ಲದಿದ್ದರೆ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕಲೂ ಆಗದು, ತೆಗೆಯಲೂ ಆಗದು.

ನನಗೆ ಇಷ್ಟ ಇನ್ನೂ ಕೆಡವದೆ ನಿಂತಿರುವ ಮನೆಯಿಂದ ಕೊಳ್ಳುವುದು. ಯಾರ್ಡಿನಲ್ಲಿ ಎಲ್ಲದಕ್ಕೂ ಪಾಲಿಶ್ ಬಿದ್ದಿರುತ್ತದೆ. ನಿಂತ ಮನೆ ಸುಳ್ಳು ಹೇಳುವುದಿಲ್ಲ. ನಮ್ಮಲ್ಲಿ ಮುಂಗಾರು ಹೊಡೆಯುವುದು ಪಡುವಣದಿಂದ. ಹಾಗಾಗಿ ಪಶ್ಚಿಮದ ಕಿಟಕಿಗಳ ಕೆಳಗಿನ ಪಟ್ಟಿ ಸಾಮಾನ್ಯವಾಗಿ ಮೆತ್ತಗಾಗಿರುತ್ತದೆ. ಮೂಡಣದ ಕಿಟಕಿಗಳನ್ನು ಮೊದಲು ನೋಡಿ. ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ. ದಾರಂದದ ಬುಡ, ಗೋಡೆಯೊಳಗೆ ಹೂತಿದ್ದ ತೊಲೆಯ ತುದಿ, ಮರ ಮರಕ್ಕೆ ಸೇರುವ ಜಾಗ, ಇಲ್ಲಿ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ಭಾಗ ಲೆಕ್ಕಕ್ಕಿಲ್ಲ. ಸಣ್ಣ ತೂತುಗಳಿದ್ದರೆ ಗಾಬರಿ ಬೇಡ, ಅದು ಹಳೆ ಹುಳುವಿನದ್ದೂ ಇರಬಹುದು. ಕೆಳಗೆ ಹೊಸ ಹಿಟ್ಟು ಉದುರುತ್ತಿದ್ದರೆ ಮಾತ್ರ ಹುಳು ಇನ್ನೂ ಜೀವಂತ ಇದೆ. ಅದನ್ನು ಮನೆಗೆ ತರಬೇಡಿ.

ತೊಲೆ, ಪಕ್ಕಾಸುಗಳನ್ನು ಘನ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ಮಾರುವವರು ಕೊಳೆತ ತುದಿಯನ್ನೂ ಸೇರಿಸಿ ಅಳೆಯುತ್ತಾರೆ. "ಅಣ್ಣ, ಕೊಯ್ದ ಮೇಲೆ ಉಳಿಯುವುದನ್ನು ಅಳೆಯಿರಿ" ಅಂತ ನಮ್ಮ ಆಚಾರಿ ಟೇಪನ್ನು ತಾವೇ ಕಿತ್ತುಕೊಂಡರು. ಕೊಂಚ ಜಗಳವಾಯಿತು, ಆದರೆ ದರ ಸರಿಹೋಯಿತು. ಇನ್ನೊಂದು ವಿಷಯ ಮೊಳೆ. ಹಳೆ ಮರದೊಳಗೆ ತಲೆ ಮುರಿದ ಮೊಳೆಗಳು ಅಡಗಿರುತ್ತವೆ. ಒಂದು ಸಿಕ್ಕರೂ ಸಾಮಿಲ್‌ನ ಗರಗಸ ಹಾಳು, ಅದಕ್ಕೇ ಎಷ್ಟೋ ಮಿಲ್ಲಿನವರು ಹಳೆ ಮರ ಮುಟ್ಟುವುದೇ ಇಲ್ಲ. ಹಳೆ ಸ್ಪೀಕರಿನ ಅಯಸ್ಕಾಂತ ಕಟ್ಟಿಕೊಂಡು ಪ್ರತಿ ತೊಲೆಯ ಮೇಲೂ ಆಡಿಸಿದೆವು. ಕಿತ್ತ ಮೊಳೆ ತೋರಿಸಿದ ಮೇಲೆ ಮಿಲ್ಲಿನವರು ಒಪ್ಪಿದರು.

ಹೆಂಚಿನ ವಿಷಯಕ್ಕೆ ಬರೋಣ, ಹೆಚ್ಚು ಜನ ಎಡವುವುದು ಇಲ್ಲೇ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ದೂರದಿಂದ ನೋಡಿದರೆ ಎಲ್ಲ ಒಂದೇ. ಆದರೆ ಒಬ್ಬೊಬ್ಬರ ಅಚ್ಚು ಒಂದೊಂದು ಥರ. ಒಬ್ಬರ ಹೆಂಚಿನ ಅಂಚಿನ ತೋಡಿಗೆ ಇನ್ನೊಬ್ಬರದ್ದು ಸರಿಯಾಗಿ ಕೂರುವುದಿಲ್ಲ. ಕೂಡದ ಆ ಸಂದಿನಿಂದಲೇ ನಮ್ಮ ಗಾಳಿಮಳೆ ಒಳಗೆ ನುಗ್ಗುವುದು. ಹಿಂದುಗಡೆ ಮುದ್ರೆ ಇರುತ್ತದೆ, ಒಂದೇ ಮುದ್ರೆಯದ್ದನ್ನೇ ಆರಿಸಿ. ಎರಡು ಮನೆಯ ಹೆಂಚು ಕೊಂಡರೆ ಮಾಡಿನ (ಚಾವಣಿಯ) ಆ ಕಡೆಗೆ ಒಂದು, ಈ ಕಡೆಗೆ ಒಂದು ಹಾಕಿ. ಒಂದೇ ಸಾಲಿನಲ್ಲಿ ಬೆರೆಸಬೇಡಿ.

ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಂಚಿನ ಹಾಗೆ ಕಣಕಣ ಅನ್ನಬೇಕು. ಬೊದ್ದು ಶಬ್ದ ಬಂದರೆ ಬಿರುಕಿದೆ ಅಂತ ಅರ್ಥ. ಅನುಮಾನ ಇದ್ದರೆ ನಾಲ್ಕೈದು ಹೆಂಚು ಮನೆಗೆ ತಂದು, ಚೆನ್ನಾಗಿ ಒಣಗಿಸಿ ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ತೂಕ ಐದನೇ ಒಂದು ಪಾಲಿಗಿಂತ ಜಾಸ್ತಿ ಏರಿದರೆ ಬೇಡ. ಮಂಗಳೂರು ಹೆಂಚಿನ ಭಾರತೀಯ ಮಾನಕ ಐಎಸ್ 654ರಲ್ಲೂ ಎ ದರ್ಜೆಯ ಹೆಂಚಿಗೆ ಶೇ 20 ನೀರು ಹೀರುವುದೇ ಮಿತಿ. ಇಳಿಜಾರಿನ ಉದ್ದಕ್ಕೆ ಅಳೆದು, ನೂರು ಚದರ ಅಡಿಗೆ ಒಡೆಯುವುದನ್ನೂ ಸೇರಿಸಿ ಸುಮಾರು 150 ಹೆಂಚು ಹಿಡಿಯಿರಿ. ಪಾಚಿಯನ್ನು ನಾರಿನ ಬ್ರಶ್‌ನಲ್ಲಿ ಉಜ್ಜಿದರೆ ಸಾಕು. ಜೋರು ನೀರಿನ ಮಷೀನ್ ಹಿಡಿದರೆ ಮೇಲಿನ ಗಟ್ಟಿ ಪದರವೇ ಕಿತ್ತು ಬರುತ್ತದೆ. ಗಾಜಿನ ಹೆಂಚು ಕಂಡರೆ ಹಿಂದುಮುಂದು ನೋಡದೆ ಕೊಂಡುಬಿಡಿ, ಅಡಿಗೆಮನೆಗೆ ಅದರಷ್ಟು ಒಳ್ಳೆ ಬೆಳಕು ಇಲ್ಲ.

ಮರ ಸಾಗಿಸುವ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. "ಹಳೆ ಮರ ಅಲ್ವಾ, ಯಾರು ಕೇಳ್ತಾರೆ" ಅನ್ನುವವರ ಮಾತು ನಂಬಬೇಡಿ. ಅದರಲ್ಲೂ ಬೀಟೆ, ತೇಗ ಇದ್ದರೆ. ಮಾರಿದವರ ಚೀಟಿ, ಕಿತ್ತ ಮನೆಯ ಫೋಟೊ, ಪರವಾನಗಿ ಎಲ್ಲ ಗಾಡಿಯಲ್ಲೇ ಇರಲಿ. ಮೈಸೂರು ದಾರಿಯ ಆನೆಚೌಕೂರು ಅರಣ್ಯ ತನಿಖಾ ಗೇಟಿನಲ್ಲಿ ನಿಂತು ಫೋನ್ ಮಾಡಿದರೆ ಪ್ರಯೋಜನವಿಲ್ಲ.

ಐನ್‌ಮನೆಯ, ಅಂದರೆ ಕೊಡವರ ಪೂರ್ವಿಕರ ಮನೆಯ ಸಾಮಾನು ಬಂದಿದೆ ಅಂದರೆ ನಾನು ದೂರ ಇರುತ್ತೇನೆ. ಅದು ಇಡೀ ಒಕ್ಕದ (ಮನೆತನದ) ಆಸ್ತಿ, ಒಬ್ಬರು ಮಾರಿದರೆ ಮುಗಿಯುವುದಿಲ್ಲ. ಕೆತ್ತಿದ ಕಂಬ ಎಷ್ಟೇ ಚಂದ ಇದ್ದರೂ ಸರಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮನೆ ಕಳಕೊಂಡವರ ಸಾಮಾನೂ ಆಮೇಲೆ ಮಾರಾಟಕ್ಕೆ ಬಂತು. ಅಲ್ಲಿ ನಾನು ಚೌಕಾಸಿ ಮಾಡಲಿಲ್ಲ.

ಹಳೆಯದು ಬೇಡವೇ ಬೇಡ ಅನ್ನುವ ಪಟ್ಟಿಯೂ ಇದೆ: ವಯರಿಂಗ್, ಸ್ವಿಚ್ಚು, ಸಿಮೆಂಟ್ ಶೀಟ್. ಶೀಟಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಕೊಯ್ದರೆ ಧೂಳು ಎದೆಗೆ ಹೋಗುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಆದ್ದರಿಂದ ಒಣ ಮರಳು ಕಾಗದ ಹಿಡಿದು ಉಜ್ಜಬೇಡಿ. ಒದ್ದೆ ಮಾಡಿ ಕೆರೆಯಿರಿ, ಮೂಗಿಗೆ ಮಾಸ್ಕ್ ಕಟ್ಟಿ, ಮಕ್ಕಳನ್ನು ದೂರ ಇಡಿ.

ಕೆಲಸಕ್ಕೆ ಕಾಲ ನೋಡಿಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಆಗ ಆಳು ಸಿಗುವುದು ಕಷ್ಟ. ಆ ತಿಂಗಳುಗಳಲ್ಲಿ ಸಾಮಾನು ಹುಡುಕಿ, ಮಾರ್ಚ್‌ನಲ್ಲಿ ಕೆಲಸ ಶುರು ಮಾಡಿ. ಏಪ್ರಿಲ್ ಮುಗಿಯುವುದರೊಳಗೆ ಹೆಂಚು ಹೊದೆಸಿಬಿಟ್ಟರೆ ಮೇ ತಿಂಗಳ ಗುಡುಗುಮಳೆಯಲ್ಲೇ ಎಲ್ಲಿ ಸೋರುತ್ತದೆ ಅಂತ ಗೊತ್ತಾಗುತ್ತದೆ. ಜೂನ್‌ಗೆ ಮುಂಚೆ ಸರಿ ಮಾಡಲು ಸಮಯ ಉಳಿಯುತ್ತದೆ. ಅದೇ ಮುದ್ರೆಯ ಐವತ್ತು ಹೆಂಚನ್ನಾದರೂ ಕೊಟ್ಟಿಗೆಯಲ್ಲಿ ಎತ್ತಿಡಿ. ಆ ಕಾರ್ಖಾನೆ ಮುಚ್ಚಿರಬಹುದು, ಮಂಗ ಮಾತ್ರ ಪ್ರತಿ ವರ್ಷ ಮಾಡು ಹತ್ತುತ್ತದೆ.