ವಿಸಿಲ್, ಸ್ಕ್ಯಾನರ್, ವಾರಕ್ಕೆ 20 ಗಂಟೆ: ಅಮೆರಿಕದ ಕ್ಯಾಂಪಸ್ ಕ್ರೀಡೆಯಲ್ಲಿ ಪಾರ್ಟ್‌ಟೈಮ್ ಕೆಲಸ

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಶನಿವಾರಗಳು ಅಮೆರಿಕನ್ ಫುಟ್‌ಬಾಲಿಗೆ ಮೀಸಲು (ಇದು ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ). ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದರಲ್ಲೇ 1,07,601 ಜನ ಕೂರಬಹುದು. ಅದಿರುವ ಆ್ಯನ್ ಆರ್ಬರ್ ಊರಿನ ಜನಸಂಖ್ಯೆಯೇ ಸುಮಾರು ಒಂದೂಕಾಲು ಲಕ್ಷ. ಇಂಥ ಪಂದ್ಯಗಳಲ್ಲಿ ಟಿಕೆಟ್ ಸ್ಕ್ಯಾನ್ ಮಾಡುವವರಲ್ಲಿ, ಸೀಟು ತೋರಿಸುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಹಾಗಾಗಿ ಹೊಸಬರ ಕಣ್ಣು ಮೊದಲು ಬೀಳುವುದು ಸ್ಟೇಡಿಯಂ ಕೆಲಸದ ಮೇಲೆ. ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ನಮ್ಮ ಸಲಹೆ ಬೇರೆ: ಮೊದಲು ಕ್ಯಾಂಪಸ್ಸಿನ ರಿಕ್ರಿಯೇಷನ್ ಸೆಂಟರಿಗೆ ಅರ್ಜಿ ಹಾಕಿ, ಕ್ಯಾಂಪಸ್ಸಿನೊಳಗಿನ (ಇಂಟ್ರಾಮ್ಯೂರಲ್) ಪಂದ್ಯಗಳಿಗೆ ಸ್ಕೋರರ್ ಇಲ್ಲವೇ ರೆಫರಿ ಆಗಿ. ಅಲ್ಲಿ ಸಂಬಳ ಕೊಡುವುದು ಸಾಮಾನ್ಯವಾಗಿ ವಿಶ್ವವಿದ್ಯಾಲಯವೇ, ಪಾಳಿ ಸಂಜೆಯ ಮೂರ್ನಾಲ್ಕು ಗಂಟೆಯದು, ಆಟದ ನಿಯಮಗಳನ್ನು ಅವರೇ ಕೂರಿಸಿ ಕಲಿಸುತ್ತಾರೆ.

ಕ್ಯಾಂಪಸ್ ಕ್ರೀಡೆಗೆ ಮೂರು ಹಂತ. ಮೇಲಿನದು ವಾರ್ಸಿಟಿ: ವಿಶ್ವವಿದ್ಯಾಲಯದ ಅಧಿಕೃತ ತಂಡ, ಟಿವಿಯಲ್ಲಿ ಬರುವುದು ಅದೇ. ನಡುವಿನದು ಕ್ಲಬ್: ವಿದ್ಯಾರ್ಥಿಗಳೇ ನಡೆಸಿಕೊಂಡು ಬೇರೆ ಕಾಲೇಜುಗಳ ಜೊತೆ ಆಡುವುದು, ಕ್ರಿಕೆಟ್ ಇದ್ದರೆ ಬಹುಪಾಲು ಇಲ್ಲೇ ಸಿಗುತ್ತದೆ. ಕೆಳಗಿನದು ಇಂಟ್ರಾಮ್ಯೂರಲ್, ಅಂದರೆ ನಮ್ಮ ಕಾಲೇಜುಗಳ ಇಂಟರ್‌ಕ್ಲಾಸ್ ಮ್ಯಾಚು. ಐಡಿ ಕಾರ್ಡ್ ಇದ್ದವರೆಲ್ಲ ಆಡಬಹುದು. ಒಂದು ಸಂಜೆಗೆ ಹತ್ತಾರು ಪಂದ್ಯ ನಡೆಯುವುದರಿಂದ ಕೈಗಳು ಯಾವಾಗಲೂ ಸಾಲುವುದಿಲ್ಲ.

ಅರ್ಜಿ ಮತ್ತು ಕಾಗದ

ನೇಮಕ ನಡೆಯುವುದು ಫಾಲ್ (ಆಗಸ್ಟ್-ಡಿಸೆಂಬರ್) ಸೆಮಿಸ್ಟರ್ ಶುರುವಾಗುವ ಮುಂಚಿನ ಮತ್ತು ನಂತರದ ಒಂದೆರಡು ವಾರಗಳಲ್ಲಿ. ಹ್ಯಾಂಡ್‌ಶೇಕ್ ಎಂಬ ಉದ್ಯೋಗ ತಾಣದಲ್ಲಿ ಅಥವಾ ನಿಮ್ಮ ವಿಶ್ವವಿದ್ಯಾಲಯದ ಜಾಬ್ ಪೋರ್ಟಲ್‌ನಲ್ಲಿ ಹುಡುಕುವಾಗ ‘ವರ್ಕ್-ಸ್ಟಡಿ’ ಕಡ್ಡಾಯ ಎಂದಿರುವ ಕೆಲಸಗಳನ್ನು ಬಿಟ್ಟುಬಿಡಿ. ಅದು ಅಮೆರಿಕದ ಕೇಂದ್ರ ಸರ್ಕಾರದ ನೆರವಿನ ಯೋಜನೆ, ಎಫ್-1 ವಿದ್ಯಾರ್ಥಿಗಳಿಗೆ ಸಿಗುವುದಿಲ್ಲ. ರೆಫರಿ ಕೆಲಸಕ್ಕೆ ಅನುಭವ ಕೇಳುವುದು ಕಡಿಮೆ. ಸಂದರ್ಶನದಲ್ಲಿ ನೋಡುವುದು ಎರಡೇ ಸಂಗತಿ: ಜೋರಾಗಿ, ಸ್ಪಷ್ಟವಾಗಿ ಮಾತಾಡುತ್ತೀರಾ, ಭಾನುವಾರ-ಸೋಮವಾರ ರಾತ್ರಿ ಹತ್ತರ ಪಾಳಿಗೂ ಬರುತ್ತೀರಾ. ರೆಸ್ಯೂಮೆ ಒಂದೇ ಪುಟ ಇರಲಿ. ಊರಿನಲ್ಲಿ ಟೂರ್ನಮೆಂಟ್ ನಡೆಸಿದ್ದೋ ಕಾಲೇಜು ಫೆಸ್ಟ್‌ನಲ್ಲಿ ಸ್ಕೋರ್ ಬರೆದಿದ್ದೋ ಇದ್ದರೆ ಅದನ್ನು ಮೇಲೆ ಹಾಕಿ. ಸಿಜಿಪಿಎ ಇಲ್ಲಿ ಯಾರಿಗೂ ಬೇಡ.

ಕೆಲಸ ಸಿಕ್ಕಮೇಲೆ ಕಾಗದದ ಸರದಿ. ನೇಮಕದ ಪತ್ರ ಹಿಡಿದು ಡಿಎಸ್‌ಒ ಬಳಿ, ಅಂದರೆ ನಿಮ್ಮ ಐ-20ಕ್ಕೆ (ವೀಸಾಕ್ಕೆ ಆಧಾರವಾದ ಪ್ರವೇಶ ಪತ್ರ) ಸಹಿ ಹಾಕುವ ಕ್ಯಾಂಪಸ್ ಅಧಿಕಾರಿಯ ಬಳಿ ಹೋಗಿ ಇನ್ನೊಂದು ಪತ್ರ ಪಡೆಯಿರಿ. ಪಾಸ್‌ಪೋರ್ಟ್, ಐ-94 (ದೇಶಕ್ಕೆ ಬಂದ ದಾಖಲೆ), ಐ-20 ಜೊತೆಗೆ ಈ ಎರಡೂ ಪತ್ರ ತೆಗೆದುಕೊಂಡು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಬೇಕು. ದೇಶಕ್ಕೆ ಬಂದಿಳಿದು ಹತ್ತು ದಿನವಾದರೂ ಆಗಿರಲಿ. ಅದಕ್ಕೂ ಮೊದಲು ಹೋದರೆ ನಿಮ್ಮ ದಾಖಲೆ ಸರ್ಕಾರದ ಕಂಪ್ಯೂಟರಿನಲ್ಲಿ ಕಾಣದೆ ಅರ್ಜಿ ನಿಂತುಬಿಡುವುದುಂಟು. ಎಸ್‌ಎಸ್‌ಎನ್, ಅಂದರೆ ಸಂಬಳ-ತೆರಿಗೆಗೆ ಬೇಕಾದ ಸೋಷಿಯಲ್ ಸೆಕ್ಯುರಿಟಿ ನಂಬರ್, ಬರುವ ತನಕ ಕಾಯಬೇಕಿಲ್ಲ, ಅರ್ಜಿ ಹಾಕಿದ ಮೇಲೆ ಕೆಲಸ ಶುರುಮಾಡಬಹುದು. ಆದರೆ ಕೆಲಸ ಮಾಡುವ ಅರ್ಹತೆ ಪರಿಶೀಲಿಸುವ ಐ-9 ಫಾರಂ ವಿಷಯದಲ್ಲಿ ಸಡಿಲ ಇಲ್ಲ. ನಿಮ್ಮ ಭಾಗವನ್ನು ಮೊದಲ ದಿನವೇ ತುಂಬಬೇಕು, ಮೂಲ ದಾಖಲೆಗಳನ್ನು ಮೂರು ಕೆಲಸದ ದಿನಗಳೊಳಗೆ ತೋರಿಸಬೇಕು. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ.

ಮೊದಲ ಪೇ-ಸ್ಟಬ್ (ಸಂಬಳದ ಚೀಟಿ) ಬಂದ ಕೂಡಲೇ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂಬ ಎರಡು ತೆರಿಗೆಯ ಸಾಲು ನೋಡಿ. ಎಫ್-1 ವಿದ್ಯಾರ್ಥಿಗಳಿಗೆ ಮೊದಲ ಐದು ಕ್ಯಾಲೆಂಡರ್ ವರ್ಷ ಈ ಎರಡೂ ಇಲ್ಲ. ಕಡಿದಿದ್ದರೆ ಸಂಬಳದ 7.65 ಶೇಕಡ ಸುಮ್ಮನೆ ಹೋದಂತೆ. ಪೇರೋಲ್‌ಗೆ ಹೇಳಿ ವಾಪಸ್ ಪಡೆಯಿರಿ. ತೆರಿಗೆ ಕಡಿತದ ಡಬ್ಲ್ಯು-4 ಫಾರಂ ತುಂಬುವಾಗ ನಾನ್-ರೆಸಿಡೆಂಟ್ ಎಂದು ಗುರುತಿಸದೆ ಬಿಟ್ಟರೆ ತೆರಿಗೆ ಕಡಿತದ ಲೆಕ್ಕವೂ ತಪ್ಪಾಗುತ್ತದೆ.

ಇಪ್ಪತ್ತು ಗಂಟೆಯ ಲೆಕ್ಕ

ಸೆಮಿಸ್ಟರ್ ನಡೆಯುವಾಗ ಎಫ್-1 ವಿದ್ಯಾರ್ಥಿಗಳ ಕೆಲಸದ ಮಿತಿ ವಾರಕ್ಕೆ 20 ಗಂಟೆ. ಇದು ಒಂದೊಂದು ಕೆಲಸಕ್ಕಲ್ಲ, ಕ್ಯಾಂಪಸ್ಸಿನ ಎಲ್ಲ ಕೆಲಸಗಳಿಗೂ ಸೇರಿ. ನಿಮಗೆ 20 ಗಂಟೆಯ ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸ ಇದ್ದರೆ ಈ ಲೇಖನ ನಿಮಗೆ ರಜೆಯಲ್ಲಿ ಮಾತ್ರ ಉಪಯೋಗಕ್ಕೆ ಬರುತ್ತದೆ. ಹತ್ತು ಗಂಟೆಯ ಟಿಎ ಇದ್ದವರಿಗೆ ಉಳಿಯುವುದು ಹತ್ತು.

ಹೆಚ್ಚಿನವರು ಎಡವುವುದು ಶನಿವಾರ. ವಾರದ ನಡುವೆ 14 ಗಂಟೆ ಮಾಡಿದವರು ಸ್ಟೇಡಿಯಂ ಪಾಳಿ ಒಪ್ಪಿಕೊಳ್ಳುತ್ತಾರೆ. ಕಾಲೇಜು ಫುಟ್‌ಬಾಲ್ ಪಂದ್ಯಕ್ಕೇ ಮೂರೂವರೆ ಗಂಟೆ ಬೇಕು, ಸಿಬ್ಬಂದಿ ಅದಕ್ಕೂ ಮೂರು ಗಂಟೆ ಮುಂಚೆ ಹಾಜರಿರಬೇಕು, ಜನ ಖಾಲಿಯಾಗುವ ಹೊತ್ತಿಗೆ ಎಂಟು ಗಂಟೆಯ ದುಡಿಮೆಯಾಗಿರುತ್ತದೆ. ಒಟ್ಟು 22. ಆ ಎರಡು ಗಂಟೆಗೆ ‘ಗೇಮ್ ವೀಕ್’ ಎಂಬ ವಿನಾಯಿತಿ ಇಲ್ಲ, ನಿಮ್ಮ ಸೂಪರ್‌ವೈಸರಿಗೆ ವೀಸಾ ನಿಯಮ ಗೊತ್ತಿರಬೇಕೆಂದೂ ಇಲ್ಲ. ಪೇರೋಲ್ ವಾರ ಯಾವ ದಿನ ಶುರುವಾಗುತ್ತದೆ ಎಂದು ಕೇಳಿಟ್ಟುಕೊಂಡು ಲೆಕ್ಕವನ್ನು ನೀವೇ ಬರೆಯಿರಿ.

ಸ್ಟೇಡಿಯಂನಲ್ಲಿ ಇನ್ನೊಂದು ತೊಡಕು: ತಿಂಡಿ ಅಂಗಡಿ, ಪಾರ್ಕಿಂಗ್, ಭದ್ರತೆ ಅನೇಕ ಕಡೆ ಹೊರಗಿನ ಗುತ್ತಿಗೆ ಕಂಪನಿಗಳ ಕೈಯಲ್ಲಿರುತ್ತವೆ. ಕ್ಯಾಂಪಸ್ ಜಾಗದಲ್ಲಿ ನಡೆದ ಮಾತ್ರಕ್ಕೆ ಅದು ಆನ್-ಕ್ಯಾಂಪಸ್ ಕೆಲಸ ಆಗುವುದಿಲ್ಲ. ಆ ಕಂಪನಿ ವಿದ್ಯಾರ್ಥಿಗಳಿಗೆ ನೇರ ಸೇವೆ ಕೊಡುವಂಥದ್ದಾಗಿರಬೇಕು, ಕ್ಯಾಂಪಸ್ ಕೆಫೆಟೇರಿಯಾದಂತೆ. ಸಂಬಳದ ಚೆಕ್ ಮೇಲೆ ಯಾರ ಹೆಸರಿರುತ್ತದೆ ಎಂದು ಕೇಳಿ. ವಿಶ್ವವಿದ್ಯಾಲಯದ ಹೆಸರಲ್ಲದಿದ್ದರೆ ಡಿಎಸ್‌ಒ ಇಮೇಲಿನಲ್ಲಿ ಒಪ್ಪುವ ತನಕ ಯೂನಿಫಾರಂ ಮುಟ್ಟಬೇಡಿ. ‘ವಾಲಂಟಿಯರ್ ಆಗಿ ಬಾ, ಆಮೇಲೆ ಕೈಗೆ ಕ್ಯಾಶ್ ಕೊಡ್ತೀವಿ’ ಎನ್ನುವವರಿಂದ ದೂರ ಇರಿ.

ಫ್ಲ್ಯಾಗ್ ಫುಟ್‌ಬಾಲ್ ರೆಫರಿ: ಕೈ ಹಿಡಿಯುವ ಕೆಲಸ

ಫಾಲ್ ಸೆಮಿಸ್ಟರಿನಲ್ಲಿ ರೆಫರಿಗಳಿಗೆ ಹೆಚ್ಚು ಬೇಡಿಕೆ ಇರುವುದು ಫ್ಲ್ಯಾಗ್ ಫುಟ್‌ಬಾಲಿಗೆ. ಇಲ್ಲಿ ಎದುರಾಳಿಯನ್ನು ಕೆಡವುವಂತಿಲ್ಲ, ಸೊಂಟದ ಬೆಲ್ಟಿನ ಫ್ಲ್ಯಾಗ್ (ಬಟ್ಟೆಯಂಥ ಪಟ್ಟಿ) ಕಿತ್ತರೆ ಆ ಸುತ್ತಿನ ಆಟ, ಅಂದರೆ ಪ್ಲೇ, ಮುಗಿಯಿತು. ಅನೇಕ ಕ್ಯಾಂಪಸ್‌ಗಳು ಬಳಸುವ ನಿರ್ಸಾ (ಕ್ಯಾಂಪಸ್ ರಿಕ್ರಿಯೇಷನ್ ಸಂಘಟನೆ) ನಿಯಮದಂತೆ ತಂಡಕ್ಕೆ ಏಳು ಜನ, ತಲಾ 20 ನಿಮಿಷದ ಎರಡು ಅವಧಿ. ಮೈದಾನವನ್ನು 20 ಯಾರ್ಡಿನ ನಾಲ್ಕು ವಲಯಗಳಾಗಿ ಹಂಚಿರುತ್ತಾರೆ, ಮುಂದಿನ ವಲಯದ ಗೆರೆ ದಾಟಲು ನಾಲ್ಕು ಡೌನ್, ಅಂದರೆ ನಾಲ್ಕು ಪ್ರಯತ್ನ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಕೊನೆಯ ಎರಡು ನಿಮಿಷ ಬಿಟ್ಟರೆ ಗಡಿಯಾರ ಬಹುಪಾಲು ನಿಲ್ಲದೆ ಓಡುತ್ತದೆ.

ಪಂದ್ಯಕ್ಕೆ ಮುಂಚಿನ ತಪಾಸಣೆಯಲ್ಲೇ ಅರ್ಧ ಜಗಳ ತಪ್ಪಿಸಬಹುದು. ಪ್ರತಿಯೊಬ್ಬರ ಐಡಿ ಸ್ವೈಪ್ ಮಾಡಿ, ಮುಖ ನೋಡಿ. ಗೆಳೆಯನ ಕಾರ್ಡಿನಲ್ಲಿ ಆಡುವುದು ತೀರ ಸಾಮಾನ್ಯ. ಶಾರ್ಟ್ಸಿಗೆ ಜೇಬು ಇರಬಾರದು, ಫ್ಲ್ಯಾಗ್ ಕೀಳಲು ಹೋದವರ ಬೆರಳು ಜೇಬಿಗೆ ಸಿಕ್ಕಿ ಮುರಿಯುತ್ತದೆ. ಅಂಗಿ ಒಳಗೆ ಸಿಕ್ಕಿಸಿರಬೇಕು. ಬೆಲ್ಟಿಗೆ ಗಂಟು ಹಾಕಿದ್ದಾರೋ ಎಂದು ನೋಡಿ, ಹಾಕಿದ್ದರೆ ಎಷ್ಟು ಎಳೆದರೂ ಬರುವುದಿಲ್ಲ. ಸರ, ಉಂಗುರ ತೆಗೆಸಿ.

ಆಟ ಶುರುವಾದ ಮೇಲೆ ಕ್ರಿಕೆಟ್ ನೋಡಿ ಬೆಳೆದವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಇಲ್ಲಿ ಪ್ರತಿ ರೆಫರಿಗೂ ಒಂದು ಭಾಗ ಹಂಚಿರುತ್ತಾರೆ. ಗೆರೆಯ ಮೇಲೆ ನಿಂತವರು ಆಫ್‌ಸೈಡ್, ಹಿಂದೆ ನಿಂತವರು ಉದ್ದ ಪಾಸ್. ಚೆಂಡು ನೋಡುತ್ತ ನಿಂತರೆ ಫೌಲು ನಿಮ್ಮ ಬೆನ್ನ ಹಿಂದೆ ನಡೆದುಹೋಗಿರುತ್ತದೆ. ಓಡುವವನು ಕೈಯಿಂದ ಫ್ಲ್ಯಾಗ್ ಮರೆಮಾಡುವುದು ಅತಿ ಹೆಚ್ಚು ಬರುವ ಫೌಲು, ಆದ್ದರಿಂದ ಚೆಂಡಿಲ್ಲದ ಕೈಯ ಮೇಲೆ ಗಮನವಿರಲಿ.

ವಿಸಿಲನ್ನು ಬಾಯಲ್ಲಿ ಕಚ್ಚಿಕೊಂಡು ನಿಲ್ಲಬೇಡಿ, ಬೆರಳಿಗೆ ಹಾಕಿಕೊಳ್ಳಿ. ಬಾಯಲ್ಲಿದ್ದರೆ ಗಾಬರಿಗೆ ಊದಿಬಿಡುತ್ತೀರಿ, ತಪ್ಪಿ ಊದಿದರೂ ಪ್ಲೇ ಅಲ್ಲಿಗೇ ಸತ್ತಂತೆ. ಫಾಕ್ಸ್ 40ನಂಥ, ಒಳಗೆ ಗುಂಡಿಲ್ಲದ ವಿಸಿಲ್ ಕೊಳ್ಳಿ. ಮಳೆಗೂ ಚಳಿಗೂ ಅದು ಕಟ್ಟಿಕೊಳ್ಳುವುದಿಲ್ಲ. ಊದಿದರೆ ಗಟ್ಟಿಯಾಗಿ ಊದಿ. ಪೀಪಿ ಊದಿದ ಹಾಗೆ ಸಣ್ಣದಾಗಿ ಊದಿದರೆ ನಿರ್ಧಾರ ಸರಿಯಿದ್ದರೂ ವಾದಕ್ಕೆ ಬರುತ್ತಾರೆ. ವಾದಕ್ಕೆ ಬಂದವರಿಗೆ ‘ಸರ್’ ಎಂದು ಬಾಗಬೇಕಿಲ್ಲ, ವಿವರಿಸುತ್ತ ನಿಲ್ಲುವುದೂ ಬೇಡ. ತಂಡದ ಕ್ಯಾಪ್ಟನ್ ಜೊತೆ ಮಾತ್ರ, ಒಂದೇ ವಾಕ್ಯದಲ್ಲಿ ಮುಗಿಸಿ.

ತಲೆಗೆ ಪೆಟ್ಟು ಬಿದ್ದವರನ್ನು ಅವರೇ ‘ಐ ಆ್ಯಮ್ ಗುಡ್’ ಎಂದರೂ ಆಡಿಸಬೇಡಿ. ರೇಡಿಯೋದಲ್ಲಿ ಸೂಪರ್‌ವೈಸರನ್ನು ಕರೆಯಿರಿ, ಸಮಯ ಬರೆದಿಟ್ಟುಕೊಳ್ಳಿ, ವರದಿ ಅದೇ ರಾತ್ರಿ ಹೋಗಬೇಕು.

ಸ್ಟೇಡಿಯಂ ಬಾಗಿಲಲ್ಲಿ

ಫ್ಲ್ಯಾಗ್ ಫುಟ್‌ಬಾಲ್ ಒಂದು ತಿಂಗಳು ನಡೆಸಿದವರಿಗೆ ದೊಡ್ಡ ಪಂದ್ಯ ತಾನಾಗಿ ಅರ್ಥವಾಗುತ್ತದೆ. ಅಲ್ಲಿ ನಾಲ್ಕು ಡೌನ್‌ಗಳಲ್ಲಿ 10 ಯಾರ್ಡ್ ಸಾಗಬೇಕು. ‘ಥರ್ಡ್ ಆ್ಯಂಡ್ ಸೆವೆನ್’ ಅಂದರೆ ಮೂರನೇ ಡೌನ್, ಇನ್ನೂ 7 ಯಾರ್ಡ್ ಬಾಕಿ. ಎದುರಾಳಿಗೆ ಥರ್ಡ್ ಡೌನ್ ಬಂದಾಗ ಕ್ವಾರ್ಟರ್‌ಬ್ಯಾಕ್‌ನ (ದಾಳಿ ನಡೆಸುವ ಮುಖ್ಯ ಆಟಗಾರ) ಕೂಗು ಅವನ ತಂಡಕ್ಕೇ ಕೇಳಿಸದಿರಲಿ ಎಂದು ಸ್ಟೂಡೆಂಟ್ ಸೆಕ್ಷನ್ ಕಿವಿ ಕಿತ್ತುಹೋಗುವಂತೆ ಅರಚುತ್ತದೆ. ತಮ್ಮ ತಂಡದ ಕೈಯಲ್ಲಿ ಚೆಂಡಿದ್ದಾಗ ಅದೇ ಜನ ತೆಪ್ಪಗಿರುತ್ತಾರೆ. ಆಗ ನೀವು ರೇಡಿಯೋದಲ್ಲಿ ಕೂಗಾಡಿದರೆ ಸುತ್ತಲಿನವರೆಲ್ಲ ತಿರುಗಿ ನೋಡುತ್ತಾರೆ. ಸ್ಟೂಡೆಂಟ್ ಸೆಕ್ಷನ್‌ನಲ್ಲಿ ‘ಕೂತ್ಕೊಳ್ಳಿ’ ಎನ್ನಬೇಡಿ, ಅಲ್ಲಿ ಇಡೀ ಪಂದ್ಯ ನಿಂತೇ ನೋಡುವುದು ಪದ್ಧತಿ. ಓಡಾಡುವ ದಾರಿ ತೆರವಿದ್ದರೆ ಸಾಕು. ರಾಷ್ಟ್ರಗೀತೆಗೆ ಟೋಪಿ ತೆಗೆದು, ಸ್ಕ್ಯಾನಿಂಗ್ ನಿಲ್ಲಿಸಿ.

ಟಿಕೆಟ್ ಸ್ಕ್ಯಾನ್ ಆಗದಿದ್ದರೆ ಮೊದಲು ಫೋನಿನ ಬೆಳಕು ಪೂರ್ತಿ ಏರಿಸಲು ಹೇಳಿ. ಸ್ಕ್ರೀನ್‌ಶಾಟ್ ತಂದವರದು ಹೆಚ್ಚಾಗಿ ನಡೆಯುವುದಿಲ್ಲ, ಕೋಡ್ ಆಗಾಗ ಬದಲಾಗುತ್ತಿರುತ್ತದೆ. ಅವರನ್ನು ಸಾಲಿನಿಂದ ಪಕ್ಕಕ್ಕೆ ಕರೆದು ಫೋನಿನ ವಾಲೆಟ್ ಆ್ಯಪ್ ತೆರೆಸಿ, ಇಲ್ಲದಿದ್ದರೆ ಹಿಂದಿನ ನೂರು ಜನ ನಿಲ್ಲುತ್ತಾರೆ. ಬ್ಯಾಗು ಪಾರದರ್ಶಕವಾಗಿರಬೇಕು, ಸಾಮಾನ್ಯವಾಗಿ 12×6×12 ಇಂಚಿನ ಒಳಗೆ.

ಉತ್ತರದ ರಾಜ್ಯಗಳಲ್ಲಿ ನವೆಂಬರ್ ಪಾಳಿಗೆ ಹತ್ತಿಯ ಕಾಲುಚೀಲ ಬೇಡ, ಬೆವರು ಹಿಡಿದು ಕಾಲು ಮರಗಟ್ಟುತ್ತದೆ. ಉಣ್ಣೆಯದು ಹಾಕಿ, ಕಾಂಕ್ರೀಟಿನ ಚಳಿ ತಡೆಯಲು ಕಾಲಡಿಗೆ ಒಂದು ರಟ್ಟು ಹಾಕಿಕೊಳ್ಳಿ.

ಬಾಸ್ಕೆಟ್‌ಬಾಲ್ ಋತು ನವೆಂಬರಿನಲ್ಲೇ ಶುರು, ಒಳಾಂಗಣದ ಆ ಪಾಳಿಗಳಿಗೆ ಅಕ್ಟೋಬರಿನಲ್ಲೇ ಹೆಸರು ಕೊಡಿ. ಚಳಿಗಾಲದ ರಜೆಯಲ್ಲಿ, ಮುಂದಿನ ಸೆಮಿಸ್ಟರಿಗೆ ಮುಂದುವರಿಯುವವರಾದರೆ, 20 ಗಂಟೆಯ ಮಿತಿ ಇರುವುದಿಲ್ಲ. ಊರಿಗೆ ಹೋಗದೆ ಉಳಿದವರಿಗೆ ಹೆಚ್ಚು ಪಾಳಿ ಸಿಗುವುದು ಆಗಲೇ.